ಮನೆಯವರ ಆರೈಕೆ ಮಾಡಿದರೆ ದಣಿವಾಗುವುದಿಲ್ಲವೇ?

“ಹೆತ್ತಮ್ಮನನ್ನು ನೋಡಿಕೊಳ್ಳೋದಕ್ಕೂ ಸುಸ್ತಾ?” ಜಯನಗರ, ಬನಶಂಕರಿಯ ಮನೆಗಳಲ್ಲಿ ಹಿರಿಯರ ಆರೈಕೆ ಮಾಡುವ ಎಷ್ಟೋ ಹೆಣ್ಣುಮಕ್ಕಳು ಈ ಮಾತು ಕೇಳಿರುತ್ತಾರೆ. ಪ್ರೀತಿಯಿದ್ದರೆ ದಣಿವಿಲ್ಲ ಎಂಬ ನಂಬಿಕೆ ನಿಜವೇ?

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಶುರುವಾದಾಗ ಕೆಲಸದವರು, ಹೋಂ ನರ್ಸ್, ಫಿಸಿಯೋಥೆರಪಿ ಎಲ್ಲವೂ ಬಹುತೇಕ ಒಟ್ಟಿಗೆ ನಿಂತವು. ಮರೆವಿನ ಕಾಯಿಲೆಯ ಅಪ್ಪನಿಗೆ ಮಾಸ್ಕ್ ಯಾಕೆ, ಪಾರ್ಕಿಗೆ ಯಾಕೆ ಹೋಗಬಾರದು ಎಂದು ದಿನಕ್ಕೆ ಹತ್ತು ಸಲ ಹೇಳಬೇಕು. ಪಕ್ಕದಲ್ಲೇ ಆಫೀಸಿನ ಲ್ಯಾಪ್‌ಟಾಪ್ ಬೇರೆ.

ಈ ಹೊರೆ ದೇಹಕ್ಕೂ ತಟ್ಟುತ್ತದೆ. 1995ರಲ್ಲಿ ಅಮೆರಿಕದ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡವು ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರಿಗೂ, ಹೆಚ್ಚುಕಡಿಮೆ ಅದೇ ವಯಸ್ಸಿನ, ಆ ಜವಾಬ್ದಾರಿ ಇಲ್ಲದ 13 ಮಹಿಳೆಯರಿಗೂ ಚರ್ಮದಲ್ಲಿ ಒಂದೇ ಅಳತೆಯ ಪುಟ್ಟ ಗಾಯ ಮಾಡಿತು. (ಅವರ ಒಪ್ಪಿಗೆ ಪಡೆದೇ!) ಆರೈಕೆ ಮಾಡುವವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಚಿಕ್ಕ ಅಧ್ಯಯನ, ನಿಜ. ಆದರೆ ದೀರ್ಘಕಾಲದ ಒತ್ತಡದಿಂದ ರೋಗನಿರೋಧಕ ವ್ಯವಸ್ಥೆ ಸೊರಗುತ್ತದೆ ಎಂಬುದನ್ನು ನಂತರದ ಹಲವು ಅಧ್ಯಯನಗಳೂ ತೋರಿಸಿವೆ.

ಲಾಕ್‌ಡೌನ್ ಮುಗಿದು ಆಫೀಸುಗಳು ತೆರೆದವು. ಫಿಸಿಯೋಥೆರಪಿ ತಪ್ಪಿ ಕುಗ್ಗಿದ ಕಾಲಿನ ಶಕ್ತಿ ಎಲ್ಲ ಹಿರಿಯರಿಗೂ ಮರಳಲಿಲ್ಲ. ಹಾಗಾಗಿ ಅಂತಹ ಮನೆಗಳಲ್ಲಿ ಆರೈಕೆ ಮೊದಲಿಗಿಂತ ಹೆಚ್ಚೇ ಆಯಿತು.

ನಿದ್ದೆಗೆಡುವುದು, ಸಣ್ಣದಕ್ಕೂ ಸಿಡುಕುವುದು, ತಮ್ಮದೇ ಬಿಪಿ ಮಾತ್ರೆ ಮರೆಯುವುದು ಇವು ಎಚ್ಚರಿಕೆಯ ಗುರುತುಗಳು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಉಚಿತ. ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ಜಯನಗರಕ್ಕೆ ಹತ್ತಿರದ ನಿಮ್ಹಾನ್ಸ್. ಕರೆ ಮಾಡಲು ರೋಗಿಯೇ ಆಗಿರಬೇಕೆಂದಿಲ್ಲ, ರೋಗಿಯನ್ನು ನೋಡಿಕೊಳ್ಳುವವರೂ ಮಾಡಬಹುದು.