ಮಳೆ ಬಂತೆಂದು ಕೂಗುವ ಯಂತ್ರ

ಪ್ರಶ್ನೆ: ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುತ್ತಿರುತ್ತದೆ, ನಾವು ತೋಟದಲ್ಲಿರುತ್ತೇವೆ. ಹನಿ ಬಿದ್ದ ಕೂಡಲೇ ಕೂಗುವ ಅಲಾರಂ ನಾನೇ ಮಾಡಿಕೊಳ್ಳಬಹುದೇ? ಎಲೆಕ್ಟ್ರಾನಿಕ್ಸ್ ಓದಿಲ್ಲ.
– ಓದುಗರೊಬ್ಬರು, ಬೇಗಾರ್

ಉತ್ತರ: ಧಾರಾಳವಾಗಿ. ಆಗುಂಬೆ ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. 9 ವೋಲ್ಟ್ ಬ್ಯಾಟರಿ, ಸಣ್ಣ ಬಜರ್, ಬಿಸಿ547 ಟ್ರಾನ್ಸಿಸ್ಟರ್, 1 ಕಿಲೋಓಮ್ ರೆಸಿಸ್ಟರ್ ಸಾಕು. ಬೆಸುಗೆಗೆ ಅವಸರ ಬೇಡ, ಮೊದಲು ಬ್ರೆಡ್‌ಬೋರ್ಡ್‌ನಲ್ಲಿ ಚುಚ್ಚಿ ನೋಡಿ.

ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮತ್ತ, ಕಾಲು ಕೆಳಗೆ. ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. (ನಾನು ಮೊದಲ ಸಲ ತಿರುವುಮುರುವು ಹಾಕಿ ಒಂದು ಸಂಜೆಯೆಲ್ಲ ಬ್ಯಾಟರಿಯನ್ನು ಬೈದಿದ್ದೆ.) ಬ್ಯಾಟರಿಯ ಪ್ಲಸ್‌ನಿಂದ ಬಜರ್ ಮೂಲಕ ಕಲೆಕ್ಟರಿಗೆ ಒಂದು ದಾರಿ, ಎಮಿಟರ್ ಮೈನಸ್‌ಗೆ. ಪ್ಲಸ್‌ನಿಂದಲೇ ಇನ್ನೊಂದು ತಂತಿ, ರೆಸಿಸ್ಟರ್ ಮೂಲಕ ಬೇಸ್‌ನಿಂದ ಮತ್ತೊಂದು. ಇವೆರಡರ ಬರಿ ತುದಿಗಳು ಒಂದು ಹಲಗೆಯ ಮೇಲೆ, ತಾಗದಂತೆ ಪಕ್ಕಪಕ್ಕ ಇರಲಿ. ನಡುವೆ ಹನಿ ಬಿದ್ದರೆ ಬೇಸ್‌ಗೆ ಚೂರು ಕರೆಂಟ್ ಹರಿಯುತ್ತದೆ. ಟ್ರಾನ್ಸಿಸ್ಟರ್ ಅದರ ನೂರಾರು ಪಟ್ಟನ್ನು ಬಜರ್‌ಗೆ ಬಿಡುತ್ತದೆ.

ತಮಾಷೆ ಇರುವುದು ಇಲ್ಲೇ. ಪರೀಕ್ಷಿಸಲು ಹಾಕಿದ ಉಪ್ಪುನೀರಿಗೆ ಜೋರಾಗಿ ಕೂಗುವ ಯಂತ್ರ ನಿಜವಾದ ಮಳೆಗೆ ಮುನಿಸಿಕೊಂಡು ಕೂರಬಹುದು. ಮಳೆನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಸಾಗುವುದೂ ಕಡಿಮೆ. ತುದಿಗಳನ್ನು ಇನ್ನಷ್ಟು ಹತ್ತಿರ ತನ್ನಿ, ಇಲ್ಲವೇ ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸಿ, ಮೊದಲನೆಯದರ ಎಮಿಟರನ್ನು ಎರಡನೆಯದರ ಬೇಸ್‌ಗೆ, ಎರಡರ ಕಲೆಕ್ಟರನ್ನೂ ಒಟ್ಟಿಗೆ, ಎರಡನೆಯ ಎಮಿಟರನ್ನು ಮೈನಸ್‌ಗೆ ಕೊಡಿ. ಆಗ ಬೆಳಗಿನ ಇಬ್ಬನಿಗೂ ಕೂಗೀತು! ನೀರು ನಿಲ್ಲದಂತೆ ಹಲಗೆಯನ್ನು ಓರೆಯಾಗಿಡಿ. ತುದಿಗಳ ತಾಮ್ರ ಹಸಿರುಗಟ್ಟಿದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ. ಟಾರ್ಪಾಲು ಎಳೆಯುವ ಕೆಲಸ ಮಾತ್ರ ನಿಮ್ಮದೇ.