ಚೋಮನಿಗಾಗಿ ಅತ್ತು ಮನೆಗೆ ಬಂದವರು

ಅಮೆರಿಕದ ಕಪ್ಪು ನಿರ್ದೇಶಕ ಜೋರ್ಡಾನ್ ಪೀಲ್ ಅವರ ‘ಗೆಟ್ ಔಟ್’ ಚಿತ್ರವನ್ನು ಈಚೆಗೆ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಮಗ ತೋರಿಸಿದ. 2017ರ ಚಿತ್ರ, ನಾನು ನೋಡಿದ್ದು ತಡವಾಗಿ. ಹಾಲಿವುಡ್ಡಿನ ಲೆಕ್ಕದಲ್ಲಿ ಪುಡಿಗಾಸು ಎನ್ನಬಹುದಾದ 45 ಲಕ್ಷ ಡಾಲರಿನಲ್ಲಿ ತಯಾರಾದ ಈ ಥ್ರಿಲ್ಲರ್ ಅವರ ಮೊದಲ ಚಿತ್ರ. ಮರುವರ್ಷ ಅದಕ್ಕೆ ಮೂಲ ಚಿತ್ರಕಥೆಯ ಆಸ್ಕರ್ ಬಂತು. ಕಪ್ಪು ಲೇಖಕರೊಬ್ಬರಿಗೆ ಆ ವಿಭಾಗದ ಪ್ರಶಸ್ತಿ ದೊರೆತದ್ದು ಅದೇ ಮೊದಲು.

ಕಥೆ ಸರಳ. ಕಪ್ಪು ತರುಣನೊಬ್ಬ ಬಿಳಿಯ ಗೆಳತಿಯ ತಂದೆತಾಯಿಯನ್ನು ಕಾಣಲು ಊರಾಚೆಯ ಅವರ ಮನೆಗೆ ಹೋಗುತ್ತಾನೆ. ಸುಶಿಕ್ಷಿತರ ಮನೆ. ಸಾಧ್ಯವಿದ್ದಿದ್ದರೆ ಒಬಾಮಾಗೆ ಮೂರನೆಯ ಸಲವೂ ಮತ ಹಾಕುತ್ತಿದ್ದೆ ಎನ್ನುವ ಯಜಮಾನ. ಕೆಲಸಕ್ಕಿರುವ ಇಬ್ಬರೂ ಕಪ್ಪು ಜನ. ಅತಿಥಿಗೆ ಮುಜುಗರವಾದೀತೆಂದು ಯಜಮಾನನೇ ವಿವರಣೆ ಕೊಡುತ್ತಾನೆ: ತನ್ನ ತಂದೆತಾಯಿಯ ಆರೈಕೆಗೆ ಬಂದವರು, ಅವರು ತೀರಿಕೊಂಡ ಮೇಲೆ ಇವರನ್ನು ಕಳುಹಿಸಲು ಮನಸ್ಸು ಬರಲಿಲ್ಲ. ಮುಂದೆ ಅದೇ ಮನೆಯ ಅಂಗಳದಲ್ಲಿ ಸದ್ದಿಲ್ಲದೆ ಮನುಷ್ಯನ ಹರಾಜು ನಡೆಯುತ್ತದೆ. ಹರಾಜಿನ ಹೊತ್ತಿಗೆ ನಾನು ಸಾವರಿಸಿಕೊಂಡಿದ್ದೆ. ನಡುಕ ಹುಟ್ಟಿಸಿದ್ದು ಯಜಮಾನನ ಆ ಮಾತು. ಅದನ್ನು ಕನ್ನಡದಲ್ಲಿ ಎಷ್ಟೋ ಸಲ ಕೇಳಿದ್ದೇನೆ.

1974ರಲ್ಲಿ ನಮ್ಮ ಮನೆಗೆ ತುಮಕೂರಿನ ಕಡೆಯ ಹಳ್ಳಿಯೊಂದರಿಂದ ಒಬ್ಬ ಹುಡುಗಿ ಬಂದಳು. ನನ್ನದೇ ವಯಸ್ಸು, ಒಂಬತ್ತೋ ಹತ್ತೋ. ಅವಳ ತಂದೆ ತಾತನಿಂದ ಮುನ್ನೂರು ರೂಪಾಯಿ ಪಡೆದಿದ್ದ. ಅವಳ ಹೆಸರೂ ಸೋದರತ್ತೆಯ ಹೆಸರೂ ಒಂದೇ ಆಗಿದ್ದರಿಂದ ಅಜ್ಜಿ ಅವಳಿಗೆ ಬೇರೊಂದು ಹೆಸರಿಟ್ಟರು. ಬಚ್ಚಲುಮನೆಯ ಹಂಡೆಯ ಒಲೆಯ ಪಕ್ಕ ಅವಳ ಚಾಪೆ. ಹಿತ್ತಿಲ ಗೂಡಿನಲ್ಲಿ ಅವಳ ಅಲ್ಯೂಮಿನಿಯಂ ತಟ್ಟೆ. ಯಾರೂ ಹೊಡೆಯಲಿಲ್ಲ. ಹಬ್ಬಕ್ಕೆ ಲಂಗ ಹೊಲಿಸುತ್ತಿದ್ದರು. ‘ನಮ್ಮ ಮನೆ ಮಗಳ ಹಾಗೇ ಇದಾಳೆ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಶಾಲೆಗೆ ಹೊರಟಾಗ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು.

1976ರಲ್ಲಿ ಮನೆಯವರೆಲ್ಲ ‘ಚೋಮನ ದುಡಿ’ ನೋಡಲು ಹೋದೆವು. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ಸ್ವರ್ಣಕಮಲ ಪಡೆದ ಚಿತ್ರ. ಚೋಮನಾಗಿ ಎಂ.ವಿ. ವಾಸುದೇವರಾಯರು ದುಡಿ ಬಾರಿಸುವಾಗ ಅಮ್ಮ, ಸೋದರತ್ತೆ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಲ ತೀರಿಸಲೆಂದು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಮನೆಗೆ ಮರಳಿದಾಗ ರಾತ್ರಿ ಹತ್ತು ದಾಟಿತ್ತು. ತೂಕಡಿಸುತ್ತ ಕುಳಿತಿದ್ದ ಹುಡುಗಿ ಚಿಲಕ ತೆಗೆದಳು, ಸಾರು ಬಿಸಿ ಮಾಡಿದಳು. ಊಟದ ಹೊತ್ತಿಗೂ ಚೋಮನದೇ ಮಾತು.

ಜೀತ ಪದ್ಧತಿಯನ್ನು ರದ್ದುಗೊಳಿಸಿದ ಕಾಯ್ದೆ 1976ರದು. ಜಾರಿಗೆ ಬಂದದ್ದು ಸುಗ್ರೀವಾಜ್ಞೆಯ ಮೂಲಕ 1975ರ ಅಕ್ಟೋಬರ್ 25ರಿಂದಲೇ. ಅಂದಿನಿಂದ ಅಂಥ ಸಾಲವೆಲ್ಲ ಮನ್ನಾ. ಮರಳಿ ಪಡೆಯುವುದೂ ಅಪರಾಧ. ತಾತ ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದವರು. ಈ ಸುದ್ದಿಯನ್ನೂ ಓದಿರಲೇಬೇಕು, ಅವಳು ಹಜಾರ ಒರೆಸುತ್ತಿದ್ದಾಗಲೇ. 1979ರಲ್ಲಿ ಅವಳ ತಂದೆ ಬಂದು ಕರೆದೊಯ್ದ. ಉಳಿದ ಬಾಕಿಯನ್ನು ತಾತ ‘ಬಿಟ್ಟುಕೊಟ್ಟರು’ ಎಂಬುದು ಮನೆಯಲ್ಲಿ ಇಂದಿಗೂ ಅವರ ಔದಾರ್ಯದ ಕತೆ. ಕಾನೂನು ನಾಲ್ಕು ವರ್ಷ ಮೊದಲೇ ಅಳಿಸಿದ್ದ ಬಾಕಿ ಅದು.

‘ಚೋಮನ ದುಡಿ’ಯ ಮಹತ್ವವನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಅದರಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗುತ್ತಿರುವಾಗ ದಡದಲ್ಲಿ ನಿಂತ ಮೇಲುಜಾತಿಯವರು ಮುಟ್ಟಬಾರದೆಂದು ಇಳಿಯದೆ ಉಳಿಯುತ್ತಾರೆ. ಯಾವ ಭಯಾನಕ ಚಿತ್ರದಲ್ಲೂ ಅಷ್ಟು ಭೀಕರವಾದುದನ್ನು ನಾನು ಕಂಡಿಲ್ಲ. ಆದರೂ ನಾವು ಚೋಮನ ಜೊತೆ ನಿಂತು ಅತ್ತೆವು. ಅವನ ಧಣಿ ಸಂಕಪ್ಪಯ್ಯ ನಮ್ಮ ತಾತನಂತೆಯೇ ಮೃದುಭಾಷಿ ಎಂಬುದು ನಮಗೆ ಹೊಳೆಯಲಿಲ್ಲ. ಕರುಣೆ ಪ್ರೇಕ್ಷಕನನ್ನು ಸಂತ್ರಸ್ತನ ಪಕ್ಕ ಕೂರಿಸಿ ಹಗುರ ಮಾಡಿ ಕಳುಹಿಸುತ್ತದೆ. ಪೀಲ್ ಅವರ ಥ್ರಿಲ್ಲರ್ ಆ ಸೌಕರ್ಯ ಕೊಡುವುದಿಲ್ಲ. ಅದು ಓದಿದವರ, ಒಳ್ಳೆಯವರ ನಡುಮನೆಯನ್ನೇ ದೆವ್ವದ ಮನೆಯಾಗಿಸುತ್ತದೆ. ಫಿಲ್ಮ್ ಸೊಸೈಟಿಗಳ ಕಾಲದಲ್ಲಿ ಬೆಳೆದ ನನ್ನಂಥವರು ಥ್ರಿಲ್ಲರ್ ಎಂದರೆ ಮೂಗು ಮುರಿದವರು. ಈಗ ಅನ್ನಿಸುತ್ತದೆ, ನಮ್ಮನ್ನು ಹೆದರಿಸುವವರು ಆಗ ಬೇಕಾಗಿತ್ತು.

ಬಣ್ಣ, ಜಾತಿ ಎರಡೂ ಒಂದೇ ಅಲ್ಲ. ಬಣ್ಣ ಕಣ್ಣಿಗೆ ಕಾಣುತ್ತದೆ. ಜಾತಿಯನ್ನು ಕೇಳಿ ತಿಳಿಯಬೇಕು. ಪೀಲ್ ಚಿತ್ರದಲ್ಲಿ ಚಹಾ ಬಟ್ಟಲಿಗೆ ಚಮಚ ತಾಗುವ ಸದ್ದಿಗೇ ಮನುಷ್ಯ ಪರವಶನಾಗುತ್ತಾನೆ. ಬಸವನಗುಡಿಯಲ್ಲಿ ಬಾಡಿಗೆ ಮನೆ ಕೇಳಲು ಹೋದವನಿಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ‘ತಾವು ಯಾವ ಕಡೆಯವರು?’ ಎಂಬ ಪ್ರಶ್ನೆ ಬರುತ್ತದೆ, ಅಷ್ಟೇ ಮೆತ್ತಗೆ. ಬಣ್ಣದ ದ್ವೇಷಕ್ಕೂ ಈ ನಗರ ಹೊರತಲ್ಲ. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಮೃತಪಟ್ಟಾಗ, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿಯವರಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ಅವರ ಪೂರ್ವಜರು ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದ ರಾತ್ರಿಗಿಂತ ದೊಡ್ಡ ಥ್ರಿಲ್ಲರ್ ಕನ್ನಡಕ್ಕೆ ಬೇಕೆ?

ಸಣ್ಣ ಹಣದಲ್ಲಿ ಸ್ವತಂತ್ರವಾಗಿ ಚಿತ್ರ ಮಾಡುವ ಕನ್ನಡದ ತರುಣರು ಈ ದಿಕ್ಕಿಗೆ ತಿರುಗುತ್ತಿದ್ದಾರೆ. ನಟೇಶ್ ಹೆಗಡೆಯವರ ‘ವಾಘಾಚಿಪಾಣಿ’ 2025ರ ಫೆಬ್ರುವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಮೂಲ ಅಮರೇಶ ನುಗಡೋಣಿಯವರ ಕತೆ. ಊರ ಧಣಿ ಚುನಾವಣೆ ಗೆಲ್ಲಲು ಹೊರಟಿರುವಾಗ ಅವನ ಆಶ್ರಯದಲ್ಲಿ ದುಡಿಯುವ ಹುಡುಗಿಯೊಬ್ಬಳು ಗರ್ಭಿಣಿಯಾಗುತ್ತಾಳೆ. ಧಣಿಯ ಪಾತ್ರ ಅಚ್ಯುತ್ ಕುಮಾರ್ ಅವರದು. ಇನ್ನು ಅದೇ ಕ್ಯಾಮೆರಾ ಹಳ್ಳಿ ಬಿಟ್ಟು ನಮ್ಮ ಬೀದಿಗಳ ಕೆಂಪು ಹೆಂಚಿನ ಮನೆಗಳೊಳಗೆ ಬರಬೇಕು.

ಎಂಬತ್ತೈದರ ಅಮ್ಮ ನಮ್ಮೊಡನೆ ಕುಳಿತು ‘ಗೆಟ್ ಔಟ್’ ನೋಡುತ್ತಿದ್ದರು. ಇಂಗ್ಲಿಷು ಅಷ್ಟಾಗಿ ತಿಳಿಯದು. ಕೆಲಸದಾಕೆ ನಗುತ್ತಲೇ ಕಣ್ಣೀರು ಸುರಿಸುವ ದೃಶ್ಯ ಬಂದಾಗ, ‘ಪಾಪ, ತಿಂಗಳಿಗೆ ಎಷ್ಟು ಕೊಡ್ತಾರಂತೆ ಅವಳಿಗೆ?’ ಎಂದು ಕೇಳಿದರು. ನಾನು ಚಿತ್ರ ನಿಲ್ಲಿಸಿ, ನಮ್ಮ ಮನೆಯಲ್ಲಿದ್ದವಳಿಗೆ ನಾವೆಷ್ಟು ಕೊಡುತ್ತಿದ್ದೆವು ಎಂದೆ.

‘ಅವಳಿಗೆಲ್ಲಿಯ ಸಂಬಳ? ಮನೆ ಹುಡುಗಿಯಲ್ವೇನೋ’ ಎಂದರು ಅಮ್ಮ.