ಎಣ್ಣೆ, ಹುಳಿ, ಸಾಸಿವೆ

ಬೇಯಿಸದ ತರಕಾರಿಗೆ ಉಪ್ಪು, ಹುಳಿ, ಎಣ್ಣೆಗಳನ್ನು ಸೇರಿಸಿ ತಿನ್ನುವ ಪದ್ಧತಿ ಅನೇಕ ದೇಶಗಳಲ್ಲಿ ಉಂಟು. ಪಾಶ್ಚಾತ್ಯರು ಅಂಥ ತಿನಿಸನ್ನು ಸಲಾಡ್ ಎಂದೂ, ಅದಕ್ಕೆ ಬೆರೆಸುವ ರಸವನ್ನು ಡ್ರೆಸಿಂಗ್ ಎಂದೂ ಕರೆಯುತ್ತಾರೆ. ನಮ್ಮಲ್ಲಿ ಇದೇ ವರ್ಗಕ್ಕೆ ಸೇರಿದುದು ಕೋಸಂಬರಿ. ರಾಮನವಮಿಯಂದು ಪಾನಕದೊಡನೆ ಅದನ್ನು ಹಂಚುವುದು ಎಲ್ಲರಿಗೂ ತಿಳಿದ ಸಂಗತಿ. ಅದರಲ್ಲಿ ಹುಳಿಗೆ ನಿಂಬೆಯ ರಸವಿದೆ. ಎಣ್ಣೆ ಮತ್ತು ಸಾಸಿವೆಗಳು ಒಗ್ಗರಣೆಯ ರೂಪದಲ್ಲಿ ಬಂದು ಸೇರುತ್ತವೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಗಮನಿಸಿರಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳ ತೋಟಗಳಿಂದ ತರಕಾರಿ ನಿತ್ಯವೂ ಬೆಂಗಳೂರಿಗೆ ಹೋಗುತ್ತದೆ. ಚಿಂತಾಮಣಿಯಲ್ಲಿ ಟೊಮೇಟೊ ಬೆಳೆಯುತ್ತದೆ. ಗೌರಿಬಿದನೂರು ಮತ್ತು ಚಿಂತಾಮಣಿಯ ಕೆಂಪು ಮಣ್ಣಿನ ಹೊಲಗಳಲ್ಲಿ ಮಳೆಯನ್ನೇ ನಂಬಿ ನೆಲಗಡಲೆ ಬಿತ್ತುತ್ತಾರೆ. ಹಸಿ ತರಕಾರಿಯ ಊಟಕ್ಕೆ ಬೇಕಾದ ಸಾಮಗ್ರಿಯೆಲ್ಲ ಹೀಗೆ ಮನೆಯ ಬಾಗಿಲಲ್ಲೇ ಇದೆ. ಆದರೂ ಈಗ ಪಟ್ಟಣಗಳ ಅಂಗಡಿಗಳಲ್ಲಿ ಡ್ರೆಸಿಂಗ್ ತುಂಬಿದ ಸೀಸೆಗಳು ಸಾಲಾಗಿ ಕುಳಿತಿವೆ. ಆ ಸೀಸೆ ಮಾಡುವ ಕೆಲಸವನ್ನು ನಮ್ಮ ಅಡಿಗೆಮನೆ ಮಾಡಲಾರದೆ? ಇದಕ್ಕೆ ಉತ್ತರ ರಸಾಯನಶಾಸ್ತ್ರದಲ್ಲಿದೆ.

ಕೂಡದ ಎರಡು ದ್ರವಗಳು

ಒಂದು ಗಾಜಿನ ಲೋಟದಲ್ಲಿ ಒಂದು ಪಾಲು ನಿಂಬೆಯ ರಸವನ್ನೂ ಎರಡು ಪಾಲು ಕಡಲೆಕಾಯಿ ಎಣ್ಣೆಯನ್ನೂ ಹಾಕಿ ಚೆನ್ನಾಗಿ ಕಡೆಯಿರಿ. ದ್ರವವು ಮಸುಕಾಗಿ ಒಂದೇ ಆದಂತೆ ತೋರುತ್ತದೆ. ಕೆಲವು ನಿಮಿಷ ಬಿಟ್ಟು ನೋಡಿದರೆ ಎಣ್ಣೆ ಮೇಲೂ ರಸ ಕೆಳಗೂ ಬೇರೆಯಾಗಿ ನಿಂತಿರುತ್ತವೆ. ಇದೇಕೆ? ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಆಕರ್ಷಿಸುತ್ತವೆ. ಎಣ್ಣೆಯ ಅಣುಗಳೊಡನೆ ಅವಕ್ಕೆ ಅಂಥ ನಂಟಿಲ್ಲ. ಆದ್ದರಿಂದ ಎರಡೂ ತಮ್ಮ ನಡುವಣ ಗಡಿಯನ್ನು ಆದಷ್ಟು ಕಿರಿದಾಗಿಸಿಕೊಳ್ಳುತ್ತವೆ.

ಆ ಗಡಿ ಎಷ್ಟು ಹಿಗ್ಗುತ್ತದೆಂಬುದನ್ನು ಲೆಕ್ಕ ಹಾಕಬಹುದು. 1 ಘನ ಸೆಂಟಿಮೀಟರ್ ಎಣ್ಣೆ ಒಂದೇ ಗುಂಡಾಗಿದ್ದರೆ ಅದರ ಮೇಲ್ಮೈ ಸುಮಾರು 4.8 ಚದರ ಸೆಂಟಿಮೀಟರ್. ಅದೇ ಎಣ್ಣೆಯನ್ನು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ವ್ಯಾಸದ ಹನಿಗಳಾಗಿ ಒಡೆದರೆ ಮೇಲ್ಮೈ 6,000 ಚದರ ಸೆಂಟಿಮೀಟರ್ ಆಗುತ್ತದೆ. ಅಂದರೆ ಸಾವಿರ ಪಟ್ಟಿಗೂ ಹೆಚ್ಚು. ಇಷ್ಟು ವಿಸ್ತಾರವಾದ ಗಡಿಯನ್ನು ಕಾಯುವವರಿಲ್ಲದಿದ್ದರೆ ಹನಿಗಳು ಒಂದರೊಡನೊಂದು ಕೂಡಿ ಮತ್ತೆ ದೊಡ್ಡದಾಗುತ್ತವೆ. ಹೀಗೆ ಸಣ್ಣ ಹನಿಗಳಾಗಿ ಹರಡಿದ ಮಿಶ್ರಣಕ್ಕೆ ಎಮಲ್ಷನ್ ಎಂದು ಹೆಸರು. ಹನಿಗಳ ಸುತ್ತ ಪದರವಾಗಿ ನಿಂತು ಅವು ಕೂಡದಂತೆ ತಡೆಯುವ ವಸ್ತುವಿಗೆ ಎಮಲ್ಸಿಫೈಯರ್ ಎನ್ನುತ್ತಾರೆ. ಮೊಟ್ಟೆಯ ಹಳದಿಯಲ್ಲಿ ಲೆಸಿಥಿನ್ ಈ ಕೆಲಸ ಮಾಡುತ್ತದೆ. ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನು. ಮೊಸರು ಬೆರೆಸಿದ ಪಚ್ಚಡಿಯಲ್ಲಿ ಬೆಣ್ಣೆಯಂಶ ತೇಲಿ ನಿಲ್ಲದಿರುವುದಕ್ಕೆ ಈ ಪ್ರೋಟೀನೇ ಮುಖ್ಯ ಕಾರಣ.

ಸಾಸಿವೆಯ ಎರಡು ಗುಣಗಳು

ಸಾಸಿವೆಯ ಸಿಪ್ಪೆಯಲ್ಲಿ ಅಂಟಾದ ಲೋಳೆಯೊಂದಿದೆ. ಅದೂ ಬೀಜದ ಪ್ರೋಟೀನುಗಳೂ ಸೇರಿ ಎಣ್ಣೆಯ ಹನಿಗಳನ್ನು ಕಾಯುತ್ತವೆ. ಮೇಲಿನ ಪ್ರಯೋಗವನ್ನು ಅರ್ಧ ಚಮಚ ಅರೆದ ಸಾಸಿವೆಯೊಡನೆ ಮತ್ತೆ ಮಾಡಿರಿ. ಮಿಶ್ರಣ ಮೊದಲಿಗಿಂತ ಬಹಳ ಹೊತ್ತು ಒಡೆಯದೆ ನಿಲ್ಲುತ್ತದೆ.

ಎರಡನೆಯ ಗುಣ ಖಾರ. ಇಡೀ ಸಾಸಿವೆಯಲ್ಲಿ ಖಾರವಿಲ್ಲ. ಸಿನಿಗ್ರಿನ್ ಎಂಬ ವಸ್ತುವೂ ಮೈರೋಸಿನೇಸ್ ಎಂಬ ಕಿಣ್ವವೂ ಬೀಜದೊಳಗೆ ಬೇರೆ ಬೇರೆ ಕೋಶಗಳಲ್ಲಿರುತ್ತವೆ. ನೀರು ಹಾಕಿ ಅರೆದಾಗ ಅವು ಸಂಧಿಸಿ, ಮೂಗಿಗೆ ಏರುವ ತೀಕ್ಷ್ಣವಾದ ಆಲಿಲ್ ಐಸೊಥಯೊಸೈಯನೇಟ್ ಉಂಟಾಗುತ್ತದೆ. ಕಾದ ಎಣ್ಣೆಗೆ ಹಾಕಿದರೆ ಕಿಣ್ವ ನಾಶವಾಗುವುದರಿಂದ ಒಗ್ಗರಣೆಯ ಸಾಸಿವೆಯಲ್ಲಿ ಘಮವಿದ್ದರೂ ಆ ಘಾಟಿಲ್ಲ. ಹುಳಿಯೂ ಈ ಕಿಣ್ವದ ವೇಗವನ್ನು ತಗ್ಗಿಸುತ್ತದೆ. ಆದಕಾರಣ ಸಾಸಿವೆಯನ್ನು ಮೊದಲು ತಣ್ಣೀರಿನಲ್ಲಿ ಅರೆದು ಹತ್ತು ನಿಮಿಷ ಬಿಟ್ಟು, ಆಮೇಲೆ ನಿಂಬೆ ಹಿಂಡುವುದು ಉಚಿತ.

ಉಪ್ಪು, ಹುಳಿ, ಬಣ್ಣ

ಬೆಳಿಗ್ಗೆ ಕಲಸಿಟ್ಟ ಕೋಸಂಬರಿ ಮಧ್ಯಾಹ್ನದ ಹೊತ್ತಿಗೆ ನೀರುನೀರಾಗುವುದನ್ನು ಯಾರು ಕಂಡಿಲ್ಲ? ಸೌತೆಕಾಯಿಯ ಕೋಶಗಳ ಪೊರೆ ನೀರನ್ನು ಸುಲಭವಾಗಿ ದಾಟಗೊಡುತ್ತದೆ, ಉಪ್ಪನ್ನು ದಾಟಗೊಡುವುದಿಲ್ಲ. ಹೊರಗೆ ಉಪ್ಪಿನ ಸಾಂದ್ರತೆ ಹೆಚ್ಚಿದಾಗ ಒಳಗಿನ ನೀರು ಹೊರಕ್ಕೆ ಹರಿಯುತ್ತದೆ. ಇದೇ ಅಭಿಸರಣ. ಕೋಶಗಳು ಬಿಗುವು ಕಳೆದುಕೊಂಡು ತುಂಡುಗಳು ಬಾಡುತ್ತವೆ. ಆದ್ದರಿಂದ ಉಪ್ಪನ್ನು ಬಡಿಸುವ ಮುನ್ನ ಮಾತ್ರ ಬೆರೆಸಬೇಕು.

ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ ಗುಲಾಬಿ ಈರುಳ್ಳಿ ಇನ್ನೊಂದು ಪಾಠವನ್ನು ಹೇಳುತ್ತದೆ. ‘ಬೆಂಗಳೂರು ರೋಸ್’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈರುಳ್ಳಿ ಇದು. ಹೆಚ್ಚಿದ ಈರುಳ್ಳಿಯ ಮೇಲೆ ನಿಂಬೆ ಹಿಂಡಿದರೆ ಮಂಕಾದ ನೇರಳೆ ಹೋಗಿ ಹೊಳೆಯುವ ಕೆಂಪು ಬರುತ್ತದೆ. ಅದರ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಆಮ್ಲದಲ್ಲಿ ಕೆಂಪಾಗುವ ಸ್ವಭಾವದ್ದು. ಲಿಟ್ಮಸ್ ಕಾಗದವಿಲ್ಲದ ಶಾಲೆಯಲ್ಲೂ ಈ ಪ್ರಯೋಗ ಸಾಧ್ಯ.

ಎಣ್ಣೆ ಏಕೆ ಬೇಕು?

ರುಚಿಗಾಗಿ ಮಾತ್ರವಲ್ಲ. ಕ್ಯಾರೆಟ್ಟು, ಟೊಮೇಟೊ, ಸೊಪ್ಪುಗಳಲ್ಲಿರುವ ಕ್ಯಾರೊಟಿನಾಯ್ಡುಗಳು ನೀರಿನಲ್ಲಿ ಕರಗವು, ಕೊಬ್ಬಿನಲ್ಲಿ ಕರಗುತ್ತವೆ. ಅವುಗಳಲ್ಲಿ ಬೀಟಾ ಕ್ಯಾರೊಟಿನ್ ನಮ್ಮ ದೇಹದಲ್ಲಿ ವಿಟಮಿನ್ ಎ ಆಗಿ ಮಾರ್ಪಡುತ್ತದೆ. 2004ರಲ್ಲಿ ಅಮೆರಿಕದ ಅಯೋವಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಒಂದೇ ಬಗೆಯ ಸಲಾಡನ್ನು ಎಣ್ಣೆಯಿಲ್ಲದ, 6 ಗ್ರಾಂ ಮತ್ತು 28 ಗ್ರಾಂ ಎಣ್ಣೆಯುಳ್ಳ ಡ್ರೆಸಿಂಗುಗಳೊಡನೆ ತಿನ್ನಿಸಿ, ರಕ್ತವನ್ನು ಪರೀಕ್ಷಿಸಿದರು. ಎಣ್ಣೆಯಿಲ್ಲದಾಗ ಕ್ಯಾರೊಟಿನಾಯ್ಡುಗಳು ಬಹುಮಟ್ಟಿಗೆ ಹೀರಲ್ಪಡಲೇ ಇಲ್ಲ. ಒಗ್ಗರಣೆಯ ಒಂದೆರಡು ಚಮಚ ಎಣ್ಣೆ ನಿರರ್ಥಕವಲ್ಲವೆಂಬುದು ಇದರಿಂದ ಸ್ಪಷ್ಟ.

ಸೀಸೆಯೊಳಗಿನ ವಿದ್ಯೆ

ಕಾರ್ಖಾನೆಯ ಡ್ರೆಸಿಂಗು ತಿಂಗಳುಗಟ್ಟಲೆ ಕೆಡದೆ, ಒಡೆಯದೆ ಇರಬೇಕು. ಅದಕ್ಕಾಗಿ ಕ್ಸಾಂಥಾನ್ ಗೋಂದಿನಂಥ ಗಟ್ಟಿಗೊಳಿಸುವ ವಸ್ತುವನ್ನು ಬೆರೆಸುತ್ತಾರೆ. ಇದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ಸಕ್ಕರೆಯಿಂದ ತಯಾರಿಸುತ್ತದೆ. ಬೂಷ್ಟು ಬೆಳೆಯದಂತೆ ಬೆಂಜೊಯೇಟ್, ಸಾರ್ಬೇಟ್‌ಗಳನ್ನು ಸೇರಿಸುವುದುಂಟು. ನಿಗದಿಯಾದ ಪ್ರಮಾಣದಲ್ಲಿ ಇವು ವಿಷವೇನೂ ಅಲ್ಲ. ಆದರೆ ಮಾಡಿದ ದಿನವೇ ಮುಗಿಯುವ ಮನೆಯ ರಸಕ್ಕೆ ಇವು ಬೇಕಿಲ್ಲ. ಸೀಸೆಯಲ್ಲಿ ಅನೇಕ ವೇಳೆ ಅಡಗಿರುವ ಸಕ್ಕರೆಯೂ ಹೆಚ್ಚಿನ ಉಪ್ಪೂ ಬೇಕಿಲ್ಲ.

ಮೂರು ಎಚ್ಚರಿಕೆಗಳು

ಮನೆಯಲ್ಲಿ ಮಾಡಿದುದೆಲ್ಲ ನಿರಪಾಯವೆಂದು ತಿಳಿಯಬಾರದು. ಮೊದಲನೆಯದು ಹಸಿ ಮೊಟ್ಟೆ. ಮೇಯನೇಸಿನಲ್ಲಿ ಅದನ್ನು ಬಳಸಿದರೆ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆಳೆಯಬಹುದು. ಈ ಕಾರಣದಿಂದಲೇ ತೆಲಂಗಾಣ 2024ರ ಅಕ್ಟೋಬರಿನಲ್ಲಿಯೂ, ತಮಿಳುನಾಡು 2025ರ ಏಪ್ರಿಲಿನಲ್ಲಿಯೂ ಹಸಿ ಮೊಟ್ಟೆಯ ಮೇಯನೇಸನ್ನು ಒಂದು ವರ್ಷದ ಅವಧಿಗೆ ನಿಷೇಧಿಸಿದವು.

ಎರಡನೆಯದು ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿ. ಗಾಳಿಯಿಲ್ಲದ, ಹುಳಿಯಿಲ್ಲದ ಎಡೆಯಲ್ಲಿ ಬೊಟುಲಿನಮ್ ಬ್ಯಾಕ್ಟೀರಿಯಾ ಘೋರವಾದ ವಿಷವನ್ನು ಉತ್ಪತ್ತಿಮಾಡುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಇಂಥ ಬೆಳ್ಳುಳ್ಳಿಯಿಂದ ಅನೇಕರು ಹಾಸಿಗೆ ಹಿಡಿದರು. ಬೆಳ್ಳುಳ್ಳಿಯನ್ನು ಬೇಕಾದಾಗ ಜಜ್ಜಿ ಬಳಸುವುದೇ ಕ್ಷೇಮ.

ಮೂರನೆಯದು ನೆಲಗಡಲೆ ಬೆಳೆಯುವ ಈ ತಾಲ್ಲೂಕುಗಳಿಗೆ ವಿಶೇಷವಾಗಿ ಸಂಬಂಧಿಸಿದುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆ ಶೋಧನೆಯಿಂದಲೇ ಅಫ್ಲಾಟಾಕ್ಸಿನ್ ಎಂಬ, ಯಕೃತ್ತನ್ನು ಕೆಡಿಸುವ ವಿಷ ಬೆಳಕಿಗೆ ಬಂದಿತು. ಗಾಣದಲ್ಲಿ ಹಿಂಡಿದಾಗ ಇದರ ಬಹುಭಾಗ ಹಿಂಡಿಯಲ್ಲಿ ಉಳಿದರೂ ಅಲ್ಪಾಂಶ ಎಣ್ಣೆಗೂ ಬರುತ್ತದೆ. ಕಾರ್ಖಾನೆಯ ಶುದ್ಧೀಕರಣದಲ್ಲಿ ಅದು ನಿವಾರಣೆಯಾಗುತ್ತದೆ. ಆದ್ದರಿಂದ ಗಾಣಕ್ಕೆ ಕೊಡುವವರು ಕಾಯನ್ನು ಚೆನ್ನಾಗಿ ಒಣಗಿಸಿ, ಬೂಷ್ಟು ಹಿಡಿದ, ಸುಕ್ಕಿದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ಎಸೆಯಬೇಕು. ದನಗಳಿಗೂ ಅವನ್ನು ಹಾಕಬಾರದು. ವಿಷದ ಅಂಶ ಹಾಲಿಗೆ ಇಳಿಯುತ್ತದೆ.

ಮಾಡುವ ಕ್ರಮ

ನಾಲ್ವರಿಗೆ ಸಾಲುವ ಪ್ರಮಾಣ ಹೀಗಿದೆ: ಅರ್ಧ ಚಮಚ ಸಾಸಿವೆಯನ್ನು ಎರಡು ಚಮಚ ತಣ್ಣೀರಿನಲ್ಲಿ ನುಣ್ಣಗೆ ಅರೆದು ಹತ್ತು ನಿಮಿಷ ಬಿಡಿರಿ. ಎರಡು ಚಮಚ ನಿಂಬೆಯ ರಸ ಸೇರಿಸಿರಿ. ನಾಲ್ಕು ಚಮಚ ಕಡಲೆಕಾಯಿ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತ ಬಿಡದೆ ಕಡೆಯಿರಿ. ಒಮ್ಮೆಗೇ ಸುರಿದರೆ ಹನಿಗಳು ದೊಡ್ಡವಾಗಿ ಮಿಶ್ರಣ ಬೇಗ ಒಡೆಯುತ್ತದೆ. ತರಕಾರಿಯನ್ನು ಹರಿಯುವ ಶುದ್ಧ ನೀರಿನಲ್ಲಿ ತೊಳೆದ ಮೇಲೆಯೇ ಹೆಚ್ಚಿರಿ. ನಿಂಬೆಯ ರಸ ತೊಳೆಯುವ ಕೆಲಸವನ್ನು ಮಾಡಲಾರದು. ಬಡಿಸುವಾಗ ಉಪ್ಪು ಹಾಕಿ ಕಲಸಿ, ಉಳಿಸದೆ ಅದೇ ಹೊತ್ತಿನಲ್ಲಿ ತಿನ್ನಿರಿ.